ಹೊಸ ಕಾರನ್ನು ಯಾರೋ ಯದ್ವಾತದ್ವಾ ಓಡಿಸಿದ್ದರು: ನಾನು ಕಂಡುಹಿಡಿದ ಬಗೆ

ಡೆಲಿವರಿ ದಿನ ಕಾರಿನೊಳಗೆ ಕೂತ ಕೂಡಲೇ ನಾನು ನೋಡಿದ್ದು ಓಡೋಮೀಟರ್. 93 ಕಿಲೋಮೀಟರ್ ತೋರಿಸುತ್ತಿತ್ತು. ನನ್ನ ಮುಖ ನೋಡಿ ಮಾರಾಟದ ಹುಡುಗ ತಾನಾಗಿಯೇ ಹೇಳಿದ: "ಯಾರ್ಡ್‌ನಿಂದ ಓಡಿಸಿಕೊಂಡೇ ಬಂದಿದ್ದು ಸರ್, ಅದಕ್ಕೇ."

ಅದು ಸುಳ್ಳು ಅಂತ ನನಗೆ ಆಗ ಅನ್ನಿಸಲಿಲ್ಲ. ಹೊಸ ಕಾರನ್ನು ಫ್ಯಾಕ್ಟರಿಯಲ್ಲೇ ರೋಲರ್ ಮೇಲೆ ಓಡಿಸಿ ನೋಡುತ್ತಾರೆ. ಆಮೇಲೆ ಟ್ರೇಲರ್‌ಗೆ ಹತ್ತಿಸುವುದು, ಇಳಿಸುವುದು, ಯಾರ್ಡಿನಲ್ಲಿ, ಅಂದರೆ ಹೊಸ ಕಾರುಗಳನ್ನು ನಿಲ್ಲಿಸಿಡುವ ಜಾಗದಲ್ಲಿ, ಆಚೀಚೆ ನಿಲ್ಲಿಸುವುದು ಇದ್ದೇ ಇದೆ. ಸೊನ್ನೆ ತೋರಿಸುವ ಕಾರನ್ನು ಹುಡುಕುವುದೇ ತಪ್ಪು. ರಸ್ತೆ ಮೇಲೆ ತಂದಿದ್ದರೆ 93 ಆಗಲೂಬಹುದು. ನನಗೆ ಬೇಕಾಗಿದ್ದು ಬೇರೆ ಉತ್ತರ. ಆ 93 ಕಿಲೋಮೀಟರನ್ನು ಹೇಗೆ ಓಡಿಸಿದ್ದಾರೆ?

ಮೀಟರ್ ಪರದೆಯಲ್ಲಿ ಟ್ರಿಪ್ ಎ, ಟ್ರಿಪ್ ಬಿ ಅಂತ ಎರಡು ಲೆಕ್ಕಗಳಿದ್ದವು, ಬೇಕಾದಾಗ ಸೊನ್ನೆ ಮಾಡಿ ಹೊಸದಾಗಿ ಎಣಿಸುವಂಥವು. ಟ್ರಿಪ್ ಎ ಸೊನ್ನೆ ಮಾಡಿಟ್ಟಿದ್ದರು. ಟ್ರಿಪ್ ಬಿ ಯಾರೂ ಮುಟ್ಟಿರಲಿಲ್ಲ. ಅಲ್ಲಿ ಎಲ್ಲ ಹಾಗೇ ಇತ್ತು: 93 ಕಿಲೋಮೀಟರ್, 1 ಗಂಟೆ 30 ನಿಮಿಷ, ಸರಾಸರಿ ವೇಗ 62, ಮೈಲೇಜ್ ಲೀಟರಿಗೆ 7.8.

ವೇಗ ಮತ್ತು ಮೈಲೇಜ್, ಈ ಎರಡನ್ನೂ ಒಟ್ಟಿಗೇ ನೋಡಬೇಕು. ಗಾಡಿ ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ ಮೈಲೇಜ್ ಬೀಳುತ್ತದೆ ನಿಜ. ಆದರೆ ಆಗ ಸರಾಸರಿ ವೇಗವೂ ಬೀಳುತ್ತದೆ. ಹೆದ್ದಾರಿಯಲ್ಲಿ ಹದವಾಗಿ ಬಂದಿದ್ದರೆ 62 ಸರಿಯೇ, ಆದರೆ ಆಗ ಮೈಲೇಜ್ ಚೆನ್ನಾಗಿ ಬಂದಿರಬೇಕು. ಆ ಎಂಜಿನ್ನಿಗೆ ಹದಿನಾರು ಏನೂ ಕಷ್ಟವಲ್ಲ. ವೇಗ ಇಷ್ಟು, ಮೈಲೇಜ್ ಮಾತ್ರ ಹದಿನಾರರ ಅರ್ಧದಷ್ಟು ಅಂದರೆ ಯಾರೋ ಆಕ್ಸಿಲರೇಟರ್ ಪೂರ್ತಿ ತುಳಿದು, ಬ್ರೇಕ್ ಹೊಡೆದು, ಮತ್ತೆ ತುಳಿದಿದ್ದಾರೆ ಅಂತಲೇ ಅಲ್ವಾ? ನನ್ನ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಅಷ್ಟು ತಿಂಗಳು ಕಾದಿದ್ದ ಗಾಡಿ ಅದು.

ಆದರೂ ಬರೀ ಪರದೆ ನಂಬಿ ಜಗಳಕ್ಕೆ ಇಳಿಯಬಾರದು. ಕೆಳಗೆ ಕೂತು ಟೈರ್ ನೋಡಿದೆ. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲುಗಳಿರುತ್ತವೆ. ನೆಲಕ್ಕೆ ತಾಗುವ ನಡುಭಾಗದಲ್ಲಿ ಅವು ಬೇಗ ಸವೆದು ಹೋಗುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಅಂಚು. ಹಿಂದಿನ ಎರಡೂ ಟೈರುಗಳ ಅಂಚಿನಲ್ಲಿ ಕೂದಲು ಹಾಗೇ ಇತ್ತು. ಮುಂದಿನ ಎಡ ಟೈರಿನ ಅಂಚಿಗೆ ಬೆರಳಾಡಿಸಿದರೆ ಒರಟೊರಟು. ರಬ್ಬರ್ ಉಜ್ಜಿ, ಸುರುಳಿ ಸುರುಳಿಯಾಗಿ ಎದ್ದಿತ್ತು. ತಿರುವಿನಲ್ಲಿ ವೇಗ ಇಳಿಸದೆ ಎಳೆದರೆ ಅಂಚು ಹೀಗಾಗುತ್ತದೆ.

ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಸಂದಿಯಿಂದ ಬ್ರೇಕ್ ಡಿಸ್ಕನ್ನೂ ನೋಡಿದೆ. ತೆಳು ಕಿತ್ತಳೆ ಬಣ್ಣದ ತುಕ್ಕಿದ್ದರೆ ಹೆದರಬೇಡಿ. ಗಾಡಿ ತೊಳೆದು ಒಂದು ರಾತ್ರಿ ನಿಲ್ಲಿಸಿದರೂ ಅದು ಬರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಇಲ್ಲಿ ಇದ್ದದ್ದು ಅದಲ್ಲ. ಡಿಸ್ಕಿನ ಮೇಲೆ ನೀಲಿ ಛಾಯೆಯ ಮಚ್ಚೆಗಳಿದ್ದವು. ಕಬ್ಬಿಣ ಸಿಕ್ಕಾಪಟ್ಟೆ ಕಾದರೆ ಬರುವ ಬಣ್ಣ ಅದು.

ಮೂರಕ್ಕೂ ಫೋಟೋ ತೆಗೆದು ಮ್ಯಾನೇಜರ್ ಮುಂದಿಟ್ಟೆ. ದನಿ ಏರಿಸಲಿಲ್ಲ. "ಯಾರ್ಡ್‌ನಿಂದ ಗಾಡಿ ಹೊರಟ ಗೇಟ್ ಪಾಸ್ ತೋರಿಸಿ, ಅದರಲ್ಲಿ ಕಿಲೋಮೀಟರ್ ಎಷ್ಟಿತ್ತು ನೋಡೋಣ" ಅಂದೆ. ಅರ್ಧ ಗಂಟೆ ಯಾರೂ ಬರಲಿಲ್ಲ. ಆಮೇಲೆ ಬಂದು, "ಒಂದೆರಡು ಜನಕ್ಕೆ ಟೆಸ್ಟ್ ಡ್ರೈವ್ ಕೊಟ್ಟಿರಬಹುದು ಸರ್" ಅಂದರು.

ಎಂಜಿನ್ನಿಗೆ ಏಟು ಬಿದ್ದಿತ್ತಾ? ಅದನ್ನು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಹೊಸ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿ ಬೇಕಂತಲೇ ಸಣ್ಣ ಗೀರುಗಳನ್ನು ಬಿಟ್ಟಿರುತ್ತಾರೆ. ಪಿಸ್ಟನ್ ರಿಂಗುಗಳು ಅದಕ್ಕೆ ಉಜ್ಜಿ ಹೊಂದಿಕೊಳ್ಳಬೇಕು. ಹೊಂದಿಕೊಳ್ಳಲು ಸ್ವಲ್ಪ ಭಾರ ಬೇಕೇ ಬೇಕು, ತೀರಾ ಮೆತ್ತಗೆ ಓಡಿಸಿದರೂ ಒಳ್ಳೆಯದಲ್ಲ. ಕೆಟ್ಟದ್ದು ಯಾವುದು ಅಂದರೆ ಎಂಜಿನ್ ಬಿಸಿಯಾಗುವ ಮೊದಲೇ ರೇಸ್ ಮಾಡುವುದು. ಆಗ ಆಯಿಲ್ ಇನ್ನೂ ದಪ್ಪವಾಗಿರುತ್ತದೆ, ಭಾಗಗಳು ಸರಿಯಾದ ಅಳತೆಗೆ ಹಿಗ್ಗಿರುವುದಿಲ್ಲ. ಟೆಸ್ಟ್ ಡ್ರೈವ್‌ಗೆ ಬಂದವರಲ್ಲಿ ಎಂಜಿನ್ ಬಿಸಿಯಾಗಲಿ ಅಂತ ಎಷ್ಟು ಜನ ಕಾಯುತ್ತಾರೆ? ಅನೇಕ ಕಾರುಗಳ ಕೈಪಿಡಿಯಲ್ಲಿ ಮೊದಲ 1,000 ಕಿಲೋಮೀಟರ್ ಪೂರ್ತಿ ಆಕ್ಸಿಲರೇಟರ್ ಕೊಡಬೇಡಿ ಅಂತ ಬರೆದಿರುತ್ತದೆ. ಆ ಜೋಪಾನ ಮಾಡುವ ಅವಕಾಶ ನನಗೆ ಸಿಗಬೇಕಿತ್ತು. ನನ್ನ ಸಿಟ್ಟು ಅದಕ್ಕೆ.

ಕಾಗದಕ್ಕೆ ಸಹಿ ಹಾಕಿರಲಿಲ್ಲ, ನೋಂದಣಿಯೂ ಆಗಿರಲಿಲ್ಲ. ಅದೊಂದು ನನ್ನ ಕೈಲಿತ್ತು. ಈ ಗಾಡಿ ಬೇಡ ಅಂತ ಬರೆದುಕೊಟ್ಟು ಬಂದೆ. ಮೂರು ವಾರದ ಮೇಲೆ ಬೇರೆ ಕಾರು ಬಂತು, 11 ಕಿಲೋಮೀಟರ್ ಓಡಿದ್ದು. ಅದರ ಚಾಸಿಸ್ ನಂಬರ್ ಮೊದಲೇ ಕೇಳಿ ಬರೆದಿಟ್ಟುಕೊಂಡಿದ್ದೆ. ಹದಿನೇಳು ಅಕ್ಷರವನ್ನೂ ಒಂದೊಂದಾಗಿ ತಾಳೆ ನೋಡಿದೆ.

ಅಲ್ಲಿಂದ ಗೆಳೆಯರು ಗಾಡಿ ತೆಗೆದುಕೊಳ್ಳುವಾಗ ನನ್ನನ್ನು ಕರೆಯುತ್ತಾರೆ. ಹೋದ ಸಲ ಒಬ್ಬನ ಕಾರು 104 ತೋರಿಸುತ್ತಿತ್ತು. ಅವನು ಬೇಡವೇ ಬೇಡ ಅಂತ ಎದ್ದು ನಿಂತಿದ್ದ. ನಾನು ಕೂತು ನೋಡಿದೆ. ಸರಾಸರಿ ವೇಗ 48, ಮೈಲೇಜ್ 19, ನಾಲ್ಕೂ ಟೈರಿನ ಅಂಚಿನಲ್ಲಿ ಕೂದಲು, ಡಿಸ್ಕಿನ ಮೇಲೆ ಎಲ್ಲೂ ನೀಲಿ ಇಲ್ಲ. ಯಾರೋ ಪುಣ್ಯಾತ್ಮ ಅಷ್ಟು ದೂರ ಜೋಪಾನವಾಗಿ ತಂದಿದ್ದ. "ಸುಮ್ನೆ ಸಹಿ ಹಾಕು, ಗಾಡಿ ಚೆನ್ನಾಗಿದೆ" ಅಂದೆ.