ಸ್ಕ್ವೇರ್ ಫೂಟ್ ರೇಟ್ ಕೇಳೋದು ಬಿಟ್ಟೆ, ಅಡುಗೆ ಕಟ್ಟೆ ಲೆಕ್ಕ ಸರಿಹೋಯ್ತು

ಗ್ರಾನೈಟ್ ಯಾರ್ಡಿಗೆ ಅಡುಗೆ ಕಟ್ಟೆ ಅಳತೆಗೆ ಕತ್ತರಿಸಿದ ರಟ್ಟಿನ ಹಾಳೆಗಳನ್ನ ಕಂಕುಳಲ್ಲಿ ಇಟ್ಕೊಂಡು ಹೊರಟಾಗ ನಮ್ಮ ಮೇಸ್ತ್ರಿ "ಸಾರ್, ಕಲ್ಲು ತರೋಕೋ, ಗುಜರಿಗೆ ಹಾಕೋಕೋ" ಅಂತ ನಕ್ಕಿದ್ರು. ಈಗ ಅವ್ರೇ ಬೇರೆ ಸೈಟಿಂದ ಫೋನ್ ಮಾಡಿ ಆ ರಟ್ಟಿನ ಲೆಕ್ಕ ಹೆಂಗೆ ಅಂತ ಕೇಳ್ತಾರೆ. ಪ್ರತಿ ಸಲ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೆದುಬಿಡೋಣ ಅಂತ.

ಮೊದಲ ಪೆಟ್ಟು ತಿಂದಿದ್ದು ನನ್ನ ಸ್ವಂತ ಮನೇಲೇ. ನಾಲ್ಕು ಕಡೆ ರೇಟ್ ಕೇಳಿ ಎಲ್ಲರಿಗಿಂತ ಕಮ್ಮಿ ಹೇಳಿದೋನ ಹತ್ರ ಕರಿ ಕಲ್ಲು ತಗೊಂಡೆ, ಗೆದ್ದೆ ಅಂದ್ಕೊಂಡೆ. ಬಂದಿದ್ದು ಕಟರ್ ಸ್ಲ್ಯಾಬು, ಅಂದ್ರೆ ಕಮ್ಮಿ ಅಗಲದ ಸಣ್ಣ ಹಲಗೆ, ಉದ್ದ 8 ಅಡಿ, ಅಗಲ ಎರಡೂಕಾಲು. ನಂಗೆ ಬೇಕಾಗಿದ್ದು 38 ಸ್ಕ್ವೇರ್ ಫೂಟ್, ಕೊಂಡಿದ್ದು 54, ಉಳಿದಿದ್ದೆಲ್ಲ ಮೂರಿಂಚು ಪಟ್ಟಿ ಮತ್ತೆ ಯಾತಕ್ಕೂ ಬಾರದ ಒಂದು ತುಂಡು. ಮೇಲಿಂದ ಜಾಯಿಂಟ್ ಬಂದು ಕೂತಿದ್ದು ಸರಿಯಾಗಿ ಒಲೆ ಪಕ್ಕಕ್ಕೆ. ಆರೇಳು ತಿಂಗಳಿಗೆ ಸಿಂಕ್ ಸುತ್ತ ಕರಿ ಹೋಗಿ ಬೂದಿ ಬಣ್ಣ ತಿರುಗ್ತು, ಆಮೇಲೆ ಗೊತ್ತಾಯ್ತು ಅದಕ್ಕೆ ಬಣ್ಣ ಹಾಕಿದ್ರು ಅಂತ. ಈಗ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜದೆ ಯಾವ ಕರಿ ಕಲ್ಲನ್ನೂ ತಗೊಳಲ್ಲ. ಬಟ್ಟೆ ಕಪ್ಪಾದ್ರೆ ವಾಪಸ್, ಮಾತೇ ಇಲ್ಲ.

ರೇಟಲ್ಲಿ ಅಷ್ಟೊಂದು ಫರಕ್ ಯಾಕೆ ಅಂತ ಆಗ ತಲೆ ಕೆಡಿಸ್ಕೊಂಡೆ. ಕಲ್ಲಿಂದಲೇ ಬರೋ ಫರಕ್ ಇದೆ, ಇಲ್ಲ ಅನ್ನಲ್ಲ. ಬ್ಲ್ಯಾಕ್ ಗ್ಯಾಲಕ್ಸಿ ಅನ್ನೋ ಕರಿ ಕಲ್ಲು ಸಿಗೋದು ಆಂಧ್ರದ ಚೀಮಕುರ್ತಿ ಸುತ್ತಮುತ್ತ, ಬ್ಲೂ ಪರ್ಲ್ ಬರೋದು ನಾರ್ವೆಯ ಲಾರ್ವಿಕ್ ಕಡೆಯಿಂದ, ಆ ಕಡು ನೀಲಿ ಬಾಹಿಯಾ ಬ್ರೆಜಿಲ್‌ದು, ಅದರ ನೀಲಿ ಸೋಡಲೈಟ್ ಅನ್ನೋ ಖನಿಜದಿಂದ. ಇವು ಯಾವೂ ಭೂವಿಜ್ಞಾನದ ಲೆಕ್ಕದಲ್ಲಿ ಗ್ರಾನೈಟೇ ಅಲ್ಲ, ವ್ಯಾಪಾರದಲ್ಲಿ ಮಾತ್ರ ಎಲ್ಲಾ ಗ್ರಾನೈಟ್. ಅಪರೂಪ, ದೂರ, ಗಣೀಲಿ ದೊಡ್ಡ ಬ್ಲಾಕ್ ಸೀಳಿಲ್ಲದೆ ಎದ್ದು ಬರುತ್ತಾ ಇಲ್ವಾ, ಇದಕ್ಕೆಲ್ಲ ದುಡ್ಡು. ಅಡುಗೆ ಕಟ್ಟೆ ಮೇಲೆ ಎಷ್ಟು ಬಾಳಿಕೆ ಬರುತ್ತೆ ಅನ್ನೋದಕ್ಕೂ ಆ ರೇಟಿಗೂ ಅಂಥ ಸಂಬಂಧ ಏನಿಲ್ಲ, ಸಾಮಾನ್ಯ ಬೂದು ಕಲ್ಲು ಎಷ್ಟೋ ಸಲ ದುಬಾರಿ ಕಲ್ಲಿಗಿಂತ ಗಟ್ಟಿ ನಿಂತಿದ್ದು ನೋಡಿದೀನಿ.

ಆದ್ರೆ ನನ್ನ ಜೇಬಿಗೆ ಕತ್ತರಿ ಬಿದ್ದಿದ್ದು ಕಲ್ಲಿನ ರೇಟಲ್ಲಿ ಅಲ್ಲ, ವೇಸ್ಟೇಜು, ಅಂಚಿನ ಮೋಲ್ಡಿಂಗು, ಜಾಯಿಂಟು ಇವುಗಳಲ್ಲಿ. ಅದಕ್ಕೇ ಈ ರಟ್ಟು. ಕಟ್ಟೆಯ ಪ್ರತಿ ತುಂಡಿಗೂ ಫುಲ್ ಸೈಜಲ್ಲಿ ರಟ್ಟು ಕತ್ತರಿಸ್ತೀನಿ, ಗೋಡೆ ಮೂಲೆ ಯಾವತ್ತೂ 90 ಡಿಗ್ರಿ ಇರಲ್ಲ ಅಂತ ನಿಮಗೂ ಗೊತ್ತಲ್ಲ, ಅದನ್ನೂ ಹಿಡಿದು, ಸಿಂಕು ಮತ್ತೆ ಹಾಬ್ (ಕಟ್ಟೆಯೊಳಗೆ ಕೂರಿಸೋ ಒಲೆ) ತೂತನ್ನೂ ಕೊರೆದು, ಯಾರ್ಡಲ್ಲಿ ನಿಂತಿರೋ ಸ್ಲ್ಯಾಬ್ ಮೇಲೇ ಟೇಪಲ್ಲಿ ಅಂಟಿಸಿ ಯಾವ ತುಂಡು ಎಲ್ಲಿ ಕೂರುತ್ತೆ, ಎಷ್ಟು ವೇಸ್ಟ್ ಆಗುತ್ತೆ ಅಂತ ನೋಡ್ತೀನಿ.

ಹೋದ ಕೆಲಸದ್ದೇ ಹೇಳ್ತೀನಿ. ರೇಟು ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಆದ್ರಿಂದ ಅಗ್ಗದ ಕಲ್ಲು ಸ್ಕ್ವೇರ್ ಫೂಟಿಗೆ 100 ಅಂತಿಟ್ಕೊಳ್ಳಿ, ದುಬಾರಿದು 130. ಯು ಆಕಾರದ ಕಟ್ಟೆ, ತುಂಡುಗಳು 9, 9, 8 ಅಡಿ, ಅಗಲ ಎರಡಡಿ, ಒಟ್ಟು 52 ಸ್ಕ್ವೇರ್ ಫೂಟ್. ಅಗ್ಗದ 8 ಅಡಿ ಕಟರ್ ಸ್ಲ್ಯಾಬಲ್ಲಿ 9 ಅಡಿ ತುಂಡು ಬರಲ್ಲ, ಹಂಗಾಗಿ ನಾಲ್ಕು ಸ್ಲ್ಯಾಬು, 72 ಸ್ಕ್ವೇರ್ ಫೂಟು, ಅಂದ್ರೆ 7200. ಕಲ್ಲು 16 ಎಂಎಂ, ಅಂಚು ದಪ್ಪ ಕಾಣೋಕೆ ಕೆಳಗೆ ಇನ್ನೊಂದು ಪಟ್ಟಿ ಅಂಟಿಸ್ಬೇಕು, ಮುಂದಿನ ಅಂಚು 22 ಅಡಿ, ಅಡಿಗೆ 70ರಂಗೆ 1540, ಜಾಸ್ತಿ ಜಾಯಿಂಟು ಎರಡಕ್ಕೆ ಹತ್ರ ಹತ್ರ 300, ಎಲ್ಲಾ ಸೇರಿ 9000 ದಾಟ್ತು. ದುಬಾರಿ ಗ್ಯಾಂಗ್‌ಸಾ ಸ್ಲ್ಯಾಬು, ಅಂದ್ರೆ ದೊಡ್ಡ ಮಿಷಿನಲ್ಲಿ ಕೊಯ್ದ ಅಗಲದ ಹಲಗೆ, ಒಂದೇ ಒಂದು, ಒಂಬತ್ತೂವರೆ ಅಡಿ ಉದ್ದ, ಅಗಲ 6 ಅಡಿ ಮೇಲೆ ಎರಡಿಂಚು, ಸುಮಾರು 59 ಸ್ಕ್ವೇರ್ ಫೂಟು, 7670. ಬ್ಲೇಡ್ ತಿನ್ನೋದೂ ಸೇರಿ ಮೂರು ಪಟ್ಟಿ ಅಳತೆ ಮಾಡಿದಂಗೆ ಕೂತ್ವು. ಇದು ನಿಜವಾದ 20 ಎಂಎಂ, ಪಟ್ಟಿ ಬೇಡ, ಅಂಚನ್ನ ಅರ್ಧ ದುಂಡಗೆ ಉಜ್ಜಿದ್ರೆ ಸಾಕು, ಅದೇ 22 ಅಡಿಗೆ 770. ಒಟ್ಟು 8440. ಮೂವತ್ತು ಪರ್ಸೆಂಟ್ ದುಬಾರಿ ಕಲ್ಲು ಕೊನೇಲಿ ಆರೇಳು ಪರ್ಸೆಂಟ್ ಅಗ್ಗ ಆಯ್ತು. ಆ ಮನೆ ಯಜಮಾನರ ಭಾವಮೈದ ಒಬ್ರು "130ರ ಕಲ್ಲು ಹಾಕಿ ಉಳಿತಾಯ ಅಂತಾನಲ್ಲ" ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ರು, ಬಿಲ್ ನೋಡಿದ ಮೇಲೆ ಸುಮ್ನಾದ್ರು.

ಎಲ್ಲಾ ಸಲ ಹಿಂಗೇ ಆಗುತ್ತೆ ಅಂತಲ್ಲ. ಸಣ್ಣ ನೇರ ಕಟ್ಟೆ ಆದ್ರೆ ಕಟರ್ ಸ್ಲ್ಯಾಬೇ ಸರಿ, ದೊಡ್ಡ ಸ್ಲ್ಯಾಬ್ ಪೂರ್ತಿ ಕೊಂಡು ಅರ್ಧ ಮೂಲೆಗೆ ಒರಗಿಸಿಟ್ಟ ಕಥೇನೂ ನನ್ನದೇ. ಇನ್ನೊಂದ್ಸಲ ಸ್ಲ್ಯಾಬನ್ನ ಗಾಡೀಲಿ ಮಲಗಿಸಿ ತಂದೆ, ಹಾಬ್ ತೂತಿನ ಮುಂದಿನ ಸಣ್ಣ ಪಟ್ಟಿ ಪಟ್ಟಂತ ಮುರೀತು. 20 ಎಂಎಂ ಕಲ್ಲು ಸ್ಕ್ವೇರ್ ಫೂಟಿಗೆ ಹತ್ರಹತ್ರ 5 ಕೆಜಿ ತೂಗುತ್ತೆ, ಆ ಎರಡೂವರೆ ಇಂಚಿನ ಪಟ್ಟಿ ಎಲ್ಲಿ ತಡೀಬೇಕು ಪಾಪ. ಅವತ್ತಿಂದ ನಿಲ್ಲಿಸಿಯೇ ತರೋದು, ಹಾಬ್ ತೂತು ಸೈಟಲ್ಲೇ ಕೊರೆಸೋದು.

ಮಧ್ಯೆ ಲೆದರ್ ಫಿನಿಶ್ (ಕಮ್ಮಿ ಹೊಳಪು, ಚರ್ಮದ ಥರ ತರಿ ಇರೋ ಮೈ) ಹುಚ್ಚೂ ಹತ್ತಿತ್ತು. ಬೆರಳಚ್ಚು ಕಾಣಲ್ಲ, ಚಂದ ಇದೆ, ಅದಕ್ಕೆ ಕೊಟ್ಟ ದುಡ್ಡಿನ ಬಗ್ಗೆ ಬೇಜಾರಿಲ್ಲ, ಆದ್ರೆ ಎಣ್ಣೆ, ನೀರು ಇಳೀದಂಗೆ ತಡೆಯೋ ಸೀಲರ್ ಹಾಕೋದು ಮರೆತೆ, ಎಣ್ಣೆ ಇಳಿದು ಅಂಗೈ ಅಗಲ ಕಲೆ ಆಯ್ತು. ಅಡುಗೆ ಸೋಡಾನ ನೀರಲ್ಲಿ ಗಟ್ಟಿಯಾಗಿ ಕಲಸಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟೆ. ಮೊದಲೆರಡು ಸಲ ಏನೂ ಆಗ್ಲಿಲ್ಲ, ಮೂರನೇ ಸಲಕ್ಕೆ ಮುಕ್ಕಾಲು ಪಾಲು ಹೋಯ್ತು. ಉಳಿದಿದ್ದರ ಮೇಲೆ ಮಿಕ್ಸಿ ಇಟ್ಟಿದೀವಿ.

ಸ್ಲ್ಯಾಬ್ ಹಿಂದಿನ ಮುಖ ನೋಡದೆ ಯಾರೂ ಅಡ್ವಾನ್ಸ್ ಕೊಡ್ಬೇಡಿ. ಹಿಂದೆ ಕಲ್ಲು ಒಡೀದಂಗೆ ಹಿಡಿಯೋ ಬಲೆ ಅಂಟಿಸಿದ್ರೆ ಕಲ್ಲು ಕೆಟ್ಟದ್ದು ಅಂತೇನಿಲ್ಲ, ಆದ್ರೆ ಯಾಕೆ ಹಾಕಿದ್ರು ಅಂತ ಕೇಳ್ಬೇಕು. ಬಲೆ ಇಲ್ಲ ಅಂದ್ರೆ ನೀರು ಚಿಮುಕಿಸಿ ಒಣಗೋವರೆಗೂ ಕಾಯಿರಿ, ಸೀಳು ಇದ್ದ ಕಡೆ ಕೂದಲೆಳೆ ಥರ ಒಂದು ಕಪ್ಪು ಗೆರೆ ಕೊನೇಲಿ ಒಣಗುತ್ತೆ.

ಈ ರಟ್ಟಿನಿಂದ ನಂಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಬೇರೇನೇ. ಯಾರ್ಡಲ್ಲಿ ಒಂದು ಸ್ಲ್ಯಾಬು ತಿಂಗಳಿಂದ ನಿಂತಿತ್ತು, ನಡುವೆ ಮೊರದಗಲ ಕಂದು ಕಲೆ, ಯಾರೂ ಮುಟ್ಟಿರಲಿಲ್ಲ. ರಟ್ಟು ಅತ್ತಿತ್ತ ಸರಿಸಿ ನೋಡಿದ್ರೆ ಕಲೆ ಪೂರ್ತಿ ಸಿಂಕಿನ ತೂತೊಳಗೆ ಬೀಳ್ತಿತ್ತು! ಮುಖ ಗಂಟು ಹಾಕ್ಕೊಂಡೇ ಚೌಕಾಸಿ ಮಾಡಿ ನಾಲ್ಕನೇ ಒಂದು ಪಾಲು ರೇಟ್ ಇಳಿಸಿದೆ. ಅಂಥ ಸ್ಲ್ಯಾಬನ್ನ ಎಲ್ಲಿ, ಯಾವ ಹೊತ್ತಲ್ಲಿ ಹುಡುಕ್ಬೇಕು ಅನ್ನೋದು ಮಾತ್ರ ಕೇಳ್ಬೇಡಿ, ಅದು ನನ್ನ ಹೊಟ್ಟೆಪಾಡು. ಕೊರೆದು ತೆಗೆದ ಆ ಕಲೆ ತುಂಡನ್ನ ಮೇಸ್ತ್ರಿ ನಂಗಿರಲಿ ಅಂತ ತಗೊಂಡು ಹೋದ್ರು, ಈಗ ಅವ್ರ ಮನೆ ಬಾಗಿಲ ಮುಂದೆ ಮೆಟ್ಟಿಲಾಗಿದೆ, ಕಲೆ ಮೇಲ್ಮುಖ ಮಾಡಿಯೇ ಹಾಕಿದಾರೆ.