ಹೊಳವು ಹುಡುಕುವ ಕೆಲಸ

ಮಳೆಗಾಲದಲ್ಲಿ ಮಳೆ ಯಾವಾಗ ಅಂತ ನಾನು ನೋಡುವುದಿಲ್ಲ. ಅದು ಬಂದೇ ಬರುತ್ತದೆ. ನಾನು ನೋಡುವುದು ಹೊಳವು, ಅಂದರೆ ಮಳೆ ನಡುವಿನ ಬಿಡುವು, ಯಾವಾಗ ಅಂತ. ಶಿರಸಿ ಕಡೆ ಅಡಿಕೆ ತೋಟ ಇದ್ದವರಿಗೆಲ್ಲ ಇದೇ ಚಿಂತೆ. ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಸುಣ್ಣ ಕೂಡಿಸಿದ ಮದ್ದು) ಹೊಡೆಯಬೇಕಾದರೆ ಕೊನೆ, ಅಂದರೆ ಅಡಿಕೆ ಗೊನೆ, ಒಣಗಿರಬೇಕು, ಮರ ಜಾರಬಾರದು, ಹೊಡೆದ ಮೇಲೆ ಮದ್ದು ಕಾಯಿಗೆ ಹಿಡಿದುಕೊಳ್ಳಲು ಕೆಲವು ತಾಸಾದರೂ ಸಿಗಬೇಕು. ಜುಲೈನಲ್ಲಿ ಅಂಥ ದಿನ ಎಷ್ಟು ಸಿಗುತ್ತವೆ ಹೇಳಿ!

ಮೊದಲು ನಾನೂ ಮೊಬೈಲಿನಲ್ಲಿ ಸೂರ್ಯನ ಚಿತ್ರ ಕಂಡರೆ ನಂಬುತ್ತಿದ್ದೆ. ಒಂದು ವರ್ಷ ಎರಡನೇ ಮದ್ದಿನ ಹೊತ್ತು. ಗುರುವಾರಕ್ಕೆ ಪೂರ್ತಿ ಬಿಸಿಲು ಅಂತ ಆ್ಯಪ್ ತೋರಿಸಿತು. ಹಿಂದಿನ ರಾತ್ರಿಯೇ ಮೈಲುತುತ್ತ ನೆನೆಹಾಕಿದೆ. 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಬೆಳಿಗ್ಗೆ ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿದು, ಕತ್ತಿ ಅದ್ದಿ ನೋಡಿದೆವು. ಅಲಗು ಕೆಂಪಾಗಲಿಲ್ಲ, ಅಂದರೆ ಸುಣ್ಣ ಸಾಕು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ನಾಲ್ಕನೇ ಮರದಲ್ಲಿದ್ದ. ಮೇಲಿಂದಲೇ ಕೂಗಿದ: "ಹೆಗಡೇರೇ, ಘಟ್ಟದ ಬದಿ ಕಪ್ಪಾಗ್ತಾ ಉಂಟು!" ಅವನು ಕೆಳಗಿಳಿಯುವಷ್ಟರಲ್ಲಿ ಮಳೆ ಹೊಯ್ಯತೊಡಗಿತು. ಹೊಡೆದದ್ದೆಲ್ಲ ನೀಲಿ ನೀರಾಗಿ ಮರದ ಮೈಮೇಲೆ ಇಳಿಯಿತು. ಬೋರ್ಡೋ ಮಾಡಿದ ದಿನವೇ ಖರ್ಚಾಗಬೇಕು, ನಾಳೆಗೆ ಇಟ್ಟರೆ ಕೆಲಸಕ್ಕೆ ಬಾರದು. ಡ್ರಮ್ಮಿನಲ್ಲಿದ್ದದ್ದು ಹಾಳು, ಕೂಲಿ ದಂಡ. ಆ ವರ್ಷ ಕೊಳೆಯೂ ಬಂತು.

ಆಮೇಲೆ ಒಂದು ಪ್ಲಾಸ್ಟಿಕ್ ಮಳೆಮಾಪಕ ತಂದೆ. ಶುರುವಿನಲ್ಲಿ ಕೊಟ್ಟಿಗೆಯ ಮಾಡಿನ ಹತ್ತಿರ ಇಟ್ಟಿದ್ದೆ. ಮಾಡಿನ ನೀರು ಸಿಡಿದು ಒಳಗೆ ಬಿದ್ದು, ನಮ್ಮ ಮನೆಗೆ ಮಾತ್ರ ಊರಿಗಿಂತ ಜಾಸ್ತಿ ಮಳೆ! ಹತ್ತಿರದ ಮರ ಎಷ್ಟು ಎತ್ತರವೋ ಕಡಿಮೆ ಅಂದರೂ ಅದರ ಎರಡು ಪಟ್ಟು ದೂರ ಇಡಬೇಕಂತೆ. ಅಡಿಕೆ ತೋಟದಲ್ಲಿ ಅಂಥ ಜಾಗ ಎಲ್ಲಿದೆ? ಕೊನೆಗೆ ಗದ್ದೆಯ ನಡುವೆ ಕಂಬ ನೆಟ್ಟೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ ದಿನಾ ಬೆಳಿಗ್ಗೆ 8:30ಕ್ಕೆ, ನಾನೂ ಅಳೆಯುತ್ತೇನೆ. ಹೊತ್ತು ಬೇರೆಯಾದರೆ ಅವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ತಾಳೆ ಆಗುವುದಿಲ್ಲ. "ಡಬ್ಬಿ ಪೂಜೆ ಮುಗೀತಾ?" ಅಂತ ಅಮ್ಮ ಈಗಲೂ ನಗುತ್ತಾಳೆ.

ಪುಸ್ತಕದಲ್ಲಿ ಮೂರು ಕಾಲಂ ಎಳೆದೆ. ಹೇಳಿದ್ದು, ಬಿದ್ದದ್ದು, ನಾನು ಮಾಡಿದ್ದು. ಆ ಮೂರನೆಯ ಕಾಲಂ ಬರೆಯುವಾಗ ಸ್ವಲ್ಪ ನಾಚಿಕೆಯಾಗುತ್ತದೆ, ಆದರೆ ಕಲಿಸಿದ್ದು ಅದೇ. ಎರಡು ಮಳೆಗಾಲ ಕಳೆದ ಮೇಲೆ ತಿರುವಿ ನೋಡಿದೆ. ಮುಂದಿನ ಎರಡು ದಿನಕ್ಕೆ "ಜೋರು ಮಳೆ" ಅಂದದ್ದು ಹೆಚ್ಚಾಗಿ ಸರಿಯಾಗಿತ್ತು. ಎಡವುತ್ತಿದ್ದದ್ದು "ಮಳೆ ಇಲ್ಲ" ಅಂದಾಗ. ಐದನೇ ದಿನದ ಮಾತು ನನ್ನ ತೋಟದ ಮಟ್ಟಿಗೆ ಗಿಣಿಶಾಸ್ತ್ರ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಂತೂ ಬೇರೆಯದೇ ಕತೆ. ಆ ಮೋಡವೇ ಕೆಲವೇ ಕಿಲೋಮೀಟರ್ ಅಗಲ. ಆಚೆ ಊರಿನಲ್ಲಿ ಹೊಯ್ದರೆ ಈಚೆ ಅಂಗಳದಲ್ಲಿ ಧೂಳು. ಆಗ ಮುನ್ಸೂಚನೆಗಿಂತ ದಾಮಿನಿ ಆ್ಯಪ್ ಮೇಲು. ಸಿಡಿಲು ಎಷ್ಟು ಹತ್ತಿರ ಬಂತು ಅಂತಾದರೂ ಗೊತ್ತಾಗುತ್ತದೆ, ಜನರನ್ನು ತೋಟದಿಂದ ಮನೆಗೆ ಕರೆಯಬಹುದು.

ಇನ್ನೊಂದು ತಪ್ಪನ್ನು ಬಹಳ ದಿನ ಮಾಡಿದೆ. ಮೂರು ಆ್ಯಪ್ ನೋಡಿ, ಮೂರೂ ಒಂದೇ ಹೇಳಿದರೆ ಖಾತ್ರಿ ಅಂದುಕೊಳ್ಳುತ್ತಿದ್ದೆ. ಮೂರಕ್ಕೂ ಅಮೆರಿಕದ ಜಿಎಫ್‌ಎಸ್ ಅನ್ನುವ ಹವಾಮಾನದ ಕಂಪ್ಯೂಟರ್ ಮಾದರಿಯ ಲೆಕ್ಕವೇ ಮೂಲವಾಗಿದ್ದರೆ ಅದು ಒಬ್ಬನೇ ಸಾಕ್ಷಿ ಮೂರು ಅಂಗಿ ತೊಟ್ಟು ಬಂದ ಹಾಗೆ, ಅಲ್ವಾ? ಈಗ ವಿಂಡಿ ಆ್ಯಪಿನಲ್ಲಿ ಜಿಎಫ್‌ಎಸ್ಸನ್ನೂ ಯುರೋಪಿನ ಇಸಿಎಂಡಬ್ಲ್ಯುಎಫ್ ಮಾದರಿಯನ್ನೂ ಬೇರೆ ಬೇರೆ ತೆರೆದು ನೋಡುತ್ತೇನೆ. ಎರಡೂ ಒಪ್ಪಿದರೆ ಮೈಲುತುತ್ತ ನೆನೆಹಾಕುವುದು.

ಆದರೆ ಹೊಳವಿನ ಸುಳಿವು ಹೆಚ್ಚಾಗಿ ಸಿಗುವುದು ಹವಾಮಾನ ಇಲಾಖೆಯ ದಿನದ ವರದಿಯಲ್ಲಿ, ಅದೂ ಯಾರೂ ಓದದ ಮೊದಲ ಪ್ಯಾರಾದಲ್ಲಿ. ಅಲ್ಲಿ ಎರಡು ವಿಷಯ ಹುಡುಕುತ್ತೇನೆ. ಒಂದು, ಗುಜರಾತಿನಿಂದ ಕೇರಳದವರೆಗೆ ಕರಾವಳಿಯುದ್ದಕ್ಕೂ ಚಾಚಿಕೊಳ್ಳುವ ಕಡಿಮೆ ಒತ್ತಡದ ಪಟ್ಟಿ ಇದೆಯೇ, ಬಲವಾಗಿದೆಯೇ. ಎರಡು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗುತ್ತಿದೆಯೇ. ಒಡಿಶಾ ಬದಿಯಲ್ಲಿ ಕುಸಿತ ಆದರೆ ನಮಗೇನು ಅಂತ ಮೊದಲು ಅನಿಸುತ್ತಿತ್ತು. ಅದು ಅರಬ್ಬಿ ಸಮುದ್ರದ ಗಾಳಿಯನ್ನು ಎಳೆಯುತ್ತದೆ, ಆ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ನಮ್ಮ ಮೇಲೆ ಸುರಿಯುತ್ತದೆ. ಒಂದು ಕುಸಿತ ವಾಯವ್ಯಕ್ಕೆ ಹೋಗಿ ಕರಗಿ, ಇನ್ನೊಂದು ಹುಟ್ಟುವ ಮೊದಲು ಸ್ವಲ್ಪ ಬಿಡುವು ಸಿಗುತ್ತದೆ. ನನಗೆ ಬೇಕಾದದ್ದು ಆ ಬಿಡುವು.

ಅಲರ್ಟ್ ವಿಷಯವೂ ಹೀಗೇ. ಜಿಲ್ಲೆಗೆ ಒಂದೇ ಬಣ್ಣ ಕೊಡುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಡಲ ಬದಿಯ ಹೊನ್ನಾವರವೂ ಇದೆ, ಘಟ್ಟದ ಮೇಲಿನ ಮುಂಡಗೋಡವೂ ಇದೆ. ಎರಡಕ್ಕೂ ಒಂದೇ ಮಳೆಯೇ? ಹಾಗಂತ ರೆಡ್ ಅಲರ್ಟನ್ನು ಹಗುರವಾಗಿ ನೋಡುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತಲ್ಲ, ಅಲ್ಲಿಂದೀಚೆ ಕೆಂಪು ಕಂಡ ದಿನ ಘಟ್ಟ ಇಳಿಯುವುದೇ ಇಲ್ಲ.

ಅಪ್ಪನ ಲೆಕ್ಕ ಸುಲಭ ಇತ್ತು. ಆರಿದ್ರ ಮಳೆ ಹುಟ್ಟುವ ಮೊದಲು ಮೊದಲ ಮದ್ದು, ಅದಾಗಿ 40-45 ದಿನಕ್ಕೆ ಎರಡನೆಯದು. ಪಂಚಾಂಗದ ಅಂಚಿನಲ್ಲಿ "ಮಳೆ ಜೋರು", "ಹೊಳವು" ಅಂತ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಈಗ ಆ ಲೆಕ್ಕ ಹಿಡಿದು ಕೂತರೆ ಆಗುವುದಿಲ್ಲ. 2023ರಲ್ಲಿ ಬಿಪರ್‌ಜಾಯ್ ಚಂಡಮಾರುತದ ಗಲಾಟೆಯಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆ ಅತಿ ಕಡಿಮೆ ಮಳೆಯ ಆಗಸ್ಟ್ ಆಯಿತು. ಹೊಳವೋ ಹೊಳವು! ಮದ್ದು ಬೇಕಿರಲಿಲ್ಲ, ನೀರು ಬೇಕಿತ್ತು. 2025ರಲ್ಲಿ ಉಲ್ಟಾ. ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತು, ಬೆನ್ನಿಗೇ ನಮ್ಮಲ್ಲೂ ಹಿಡಿಯಿತು. ನನ್ನ ಮೈಲುತುತ್ತದ ಚೀಲ ಇನ್ನೂ ಅಟ್ಟದ ಮೇಲಿತ್ತು. ಅದಕ್ಕೇ ಈಗ ಸುಣ್ಣ, ಮೈಲುತುತ್ತ, ಮದ್ದು ಅಂಟಿಕೊಳ್ಳಲು ಬೆರೆಸುವ ರಾಳ ಎಲ್ಲವನ್ನೂ ಏಪ್ರಿಲ್ ಕೊನೆಗೇ ತಂದಿಡುತ್ತೇನೆ. ತಗ್ಗಿನ ಭಾಗದ ಮರಗಳಿಗೆ ಮದ್ದಿನ ಜೊತೆ ಕೊಟ್ಟೆಯನ್ನೂ (ಕೊನೆಗೆ ಮುಚ್ಚುವ ಹೊದಿಕೆ) ಕಟ್ಟಿಸುತ್ತೇನೆ. ಅಲ್ಲಿ ಗಾಳಿಯಾಡುವುದು ಕಡಿಮೆ, ಹೊಳವಾದರೂ ಕೊನೆ ಒಣಗುವುದು ತಡ.

2025ರ ಎರಡನೇ ಮದ್ದಿಗೆ ಜಿಎಫ್‌ಎಸ್ ಹೊಳವು ಮಂಗಳವಾರ ಅಂದಿತು, ಇಸಿಎಂಡಬ್ಲ್ಯುಎಫ್ ಬುಧವಾರ ಅಂದಿತು. ಎರಡೂ ಒಪ್ಪದಿದ್ದರೂ ಈ ಸಲ ಬುಧವಾರಕ್ಕೆ ನೆನೆಹಾಕಿದೆ. ಮಂಗಳವಾರ ಚೆನ್ನಾಗಿ ಬಿಸಿಲು ಬಿತ್ತು. ಕೊನೆಗೌಡ ಎರಡು ಸಲ ಫೋನ್ ಮಾಡಿದ, ಮೂರನೇ ಸಲ ಮನೆಗೇ ಬಂದ. ಬುಧವಾರವೂ ಮಧ್ಯಾಹ್ನ 3ರವರೆಗೆ ಹನಿ ಬೀಳಲಿಲ್ಲ, ಮುಕ್ಕಾಲು ತೋಟ ಮುಗಿಯಿತು. ಪುಸ್ತಕದ ಮೂರನೇ ಕಾಲಂನಲ್ಲಿ "ಮಂಗಳವಾರ ಸುಮ್ನೆ ಕೂತೆ" ಅಂತ ಬರೆದಿದ್ದೇನೆ.