ಡೀಪ್ ಫ್ರೀಜರ್ ಇಲ್ಲದೆ ಪ್ಲಾಸ್ಟಿನೇಶನ್: ನನ್ನ ಅನುಭವ

ನಮ್ಮ ಅನಾಟಮಿ ಮ್ಯೂಸಿಯಂನಲ್ಲಿ ಈಗ ನಲವತ್ತಕ್ಕೂ ಜಾಸ್ತಿ ಒಣ ಸ್ಪೆಸಿಮೆನ್‌ಗಳಿವೆ. ಹೃದಯ, ಕಿಡ್ನಿ, ಸ್ಪ್ಲೀನ್, ಮಸಲ್ ಬಿಡಿಸಿದ ಎರಡು ಪೂರ್ತಿ ಕೈ. ಎಲ್ಲವೂ ಪ್ಲಾಸ್ಟಿನೇಶನ್ ಮಾಡಿದ್ದು, ಅಂದರೆ ಅಂಗದೊಳಗಿನ ನೀರನ್ನು ಅಸಿಟೋನ್‌ನಿಂದ ತೆಗೆದು, ಆಮೇಲೆ ವ್ಯಾಕ್ಯೂಮ್‌ನಲ್ಲಿ ಆ ಜಾಗಕ್ಕೆ ಸಿಲಿಕೋನ್ ತುಂಬಿಸಿದ್ದು. ಕೆಲಸ ನಡೆದದ್ದು ಕರಾವಳಿಯ ಸೆಕೆಯಲ್ಲಿ, ಡಿಪಾರ್ಟ್‌ಮೆಂಟ್ ಹಿಂದಿನ ಶೆಡ್ಡಿನಲ್ಲಿ. ಶುರು ಮಾಡಿದಾಗ ಹಿರಿಯ ಪ್ರೊಫೆಸರ್ ಒಬ್ಬರು, "ಮೇಡಂ, ಇದು ನಮ್ಮಲ್ಲಿ ಆಗೋ ಕೆಲಸ ಅಲ್ಲ, ಅಸಿಟೋನ್ ದುಡ್ಡು ದಂಡ" ಅಂದಿದ್ದರು. ಈಗ ಅವರು ಎಕ್ಸ್‌ಟರ್ನಲ್ ಪರೀಕ್ಷಕರಾಗಿ ಬಂದರೆ ಸ್ಪಾಟರ್‌ಗೆ (ಸ್ಪೆಸಿಮೆನ್ ನೋಡಿ ಗುರುತಿಸುವ ಪರೀಕ್ಷೆಗೆ) ಈ ಸೆಟ್ಟನ್ನೇ ಕೇಳಿ ಇಡಿಸುತ್ತಾರೆ.

ಇದು ಯಾಕೆ ಬೇಕಿತ್ತು ಅಂದರೆ, ನಾನು ಎಂಬಿಬಿಎಸ್ ಓದುವಾಗ ಫಸ್ಟ್ ಇಯರ್ ಅಂದರೆ ಒಂದೂವರೆ ವರ್ಷ. 1997ರ ನಿಯಮದಿಂದ ಅದು ಒಂದು ವರ್ಷಕ್ಕೆ ಇಳಿಯಿತು. ಪಾಠ ಅಷ್ಟೇ ಇದೆ, ಡಿಸೆಕ್ಷನ್ ಟೇಬಲ್ ಮುಂದೆ ಕಳೆಯುವ ಸಮಯ ಕಡಿಮೆಯಾಯಿತು. ಒಂದು ಕ್ಯಾಡವರ್ (ಡಿಸೆಕ್ಷನ್‌ಗೆ ಇಟ್ಟ ಮೃತದೇಹ) ಸುತ್ತ ಇಪ್ಪತ್ತು ಮಕ್ಕಳು ನಿಂತರೆ ಹಿಂದಿನವರಿಗೆ ಏನು ಕಾಣುತ್ತದೆ? ದೇಹದಾನ ಮಾಡಿದವರ ದೇಹದಿಂದ ಇನ್ನೂ ಹತ್ತು ಬ್ಯಾಚ್ ಕಲಿಯಬೇಕು ಎನ್ನುವ ಹಠ ನನಗೆ ಹಿಡಿದಿದ್ದೇ ಟ್ಯೂಟರ್ ಆಗಿದ್ದ ದಿನಗಳಲ್ಲಿ.

1977ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಗುಂಥರ್ ಫಾನ್ ಹಾಗೆನ್ಸ್ ಶುರು ಮಾಡಿದ ವಿಧಾನ ಇದು. ಮಾಮೂಲಿ ದಾರಿಯಲ್ಲಿ ಮೈನಸ್ 25 ಡಿಗ್ರಿ ಫ್ರೀಜರ್ ಬೇಕು, ಅದೂ ಕಿಡಿ ಹಾರದಂಥದ್ದು. ನಮಗೆ ಬಂದ ಕೊಟೇಶನ್ ಏಳೆಂಟು ಲಕ್ಷ. ಮ್ಯಾನೇಜ್‌ಮೆಂಟ್ ಫೈಲನ್ನು ವಾಪಸ್ ಕಳಿಸಿತು. ಮನೆಯ ಫ್ರಿಜ್ಜಿನಲ್ಲಿ ಅಸಿಟೋನ್ ಇಡುವ ಯೋಚನೆ ಯಾರೂ ಮಾಡಬೇಡಿ. ಮೈನಸ್ 20ರಲ್ಲೂ ಅದರ ಆವಿ ಹೊತ್ತಿಕೊಳ್ಳುತ್ತದೆ, ಥರ್ಮೋಸ್ಟಾಟಿನ ಒಂದು ಕಿಡಿ ಸಾಕು. ಹಾಗಾಗಿ ಉಳಿದದ್ದು ರೂಮ್ ಟೆಂಪರೇಚರ್ ದಾರಿ: ಸಿಲಿಕೋನ್‌ಗೆ ಮೊದಲೇ ಕ್ರಾಸ್‌ಲಿಂಕರ್ (ಅದರ ಎಳೆಗಳನ್ನು ಜೋಡಿಸುವ ರಾಸಾಯನಿಕ) ಬೆರೆಸುವುದು, ಅದನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟನ್ನು ಕೊನೆಗೆ ಹೊರಗಿನಿಂದ ಸವರುವುದು.

ಚೇಂಬರ್‌ಗೆ (ವ್ಯಾಕ್ಯೂಮ್ ಕೊಡುವ ಪಾತ್ರೆಗೆ) ಹೋಟೆಲ್ ಸೈಜಿನ ಅಲ್ಯೂಮಿನಿಯಂ ಕುಕ್ಕರ್ ತಂದೆವು, ಆರು ಸಾವಿರದ ಆಸುಪಾಸು. ಒಳಗೆ ಕಾಣಲಿ ಅಂತ ಮೇಲೆ ದಪ್ಪ ಅಕ್ರಿಲಿಕ್ ಮುಚ್ಚಳ. ಅಸಿಟೋನ್ ಆವಿ ತಾಗಿ ಅದು ಮೊದಲು ಮಂಜಾಯಿತು, ಆಮೇಲೆ ಬಿರುಕು ಬಿಟ್ಟಿತು. ದಪ್ಪ ಟಫನ್ಡ್ ಗಾಜು ಹಾಕಿದ ಮೇಲೆ ಆ ಕಾಟ ತಪ್ಪಿತು. ಗ್ಯಾಸ್ಕೆಟ್‌ನದ್ದು ಬೇರೆ ಕಥೆ. ಅಂಗಡಿಯ ನೈಟ್ರೈಲ್ ರಿಂಗ್ ಉಬ್ಬಿ ಜಾಗ ಬಿಟ್ಟಿತು. ನಮ್ಮ ಅಟೆಂಡರ್ ಅಣ್ಣ ಹಳೇ ಬೈಕಿನ ಬ್ಯುಟೈಲ್ ಟ್ಯೂಬ್ ಕತ್ತರಿಸಿ ಕೂರಿಸಿದರು, ಇವತ್ತಿಗೂ ಅದೇ ಇದೆ. ವ್ಯಾಕ್ಯೂಮ್ ಪಂಪ್ ಎಸಿ ಮೆಕ್ಯಾನಿಕ್ ಹತ್ತಿರ ಸೆಕೆಂಡ್ ಹ್ಯಾಂಡ್, ಹನ್ನೆರಡು ಸಾವಿರ ಇರಬೇಕು. ಪಂಪ್ ಗೋಡೆಯ ಆಚೆ, ಪೈಪ್ ಮಾತ್ರ ಒಳಗೆ. ಆಯಿಲ್‌ಗೆ ಅಸಿಟೋನ್ ಸೇರುತ್ತದೆ, ಪ್ರತಿ ಬ್ಯಾಚ್ ಆದ ಮೇಲೆ ಬದಲಿಸಿ.

ಮೊದಲ ಹೃದಯಗಳು ಕೆಟ್ಟವು. ಏಟ್ರಿಯಂ (ಹೃದಯದ ಮೇಲಿನ ಕೋಣೆ) ಗೋಡೆ ಒಣ ಮೆಣಸಿನಕಾಯಿ ಥರ ಮುದುಡಿತ್ತು. ಸೆಕೆಯಲ್ಲಿ ಅಸಿಟೋನ್ ಬೇಗ ಕುದಿಯುತ್ತದೆ, ವ್ಯಾಕ್ಯೂಮ್ ಸ್ವಲ್ಪ ಜೋರಾದರೂ ಸಿಲಿಕೋನ್ ಒಳಗೆ ಹೋಗುವ ಮೊದಲೇ ಅದು ಹೊರಗೆ ಓಡುತ್ತದೆ. ಗೇಜ್ ನಂಬುವುದು ಬಿಟ್ಟು ಗುಳ್ಳೆ ನೋಡಲು ಕಲಿತ ಮೇಲೆ ಕೆಲಸ ಹತೋಟಿಗೆ ಬಂತು. ಸಣ್ಣ ಗುಳ್ಳೆ ನಿಧಾನ ಏಳುತ್ತಿದ್ದರೆ ಸರಿ. ನಮಗೆ ಹೃದಯಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ಇನ್ನೊಂದು, ಹೃದಯದ ಕೋಣೆಗಳನ್ನು ಫಾರ್ಮಲಿನ್ ಹಂತದಲ್ಲೇ (ಅಸಿಟೋನ್‌ಗೆ ಮುಂಚೆ, ಅಂಗ ಕೆಡದಂತೆ ಮಾಡುವಾಗ) ಹತ್ತಿ ತುಂಬಿ ಹಿಗ್ಗಿಸಿಡಬೇಕು. ಮಿದುಳಿಗೆ ಈ ದಾರಿ ಬೇಡವೇ ಬೇಡ, ತುಂಬಾ ಕುಗ್ಗುತ್ತದೆ.

ಮಳೆಗಾಲದಲ್ಲಿ ನಾವು ಕೆಲಸ ನಿಲ್ಲಿಸುತ್ತೇವೆ. ಇಲ್ಲಿನ ಗಾಳಿಯ ತೇವಕ್ಕೆ ಕೊನೆಯ ಸ್ನಾನದ ಅಸಿಟೋನಿನ ಶುದ್ಧತೆ 99 ಶೇಕಡಾ ದಾಟುವುದೇ ಇಲ್ಲ. ದೀಪಾವಳಿಯಿಂದ ಶಿವರಾತ್ರಿವರೆಗೆ ನಮ್ಮ ಸೀಸನ್. ಶುದ್ಧತೆ ಅಳೆಯುವ ಹೈಡ್ರೋಮೀಟರ್ ಇಳಿಸುವ ಮೊದಲು ಸ್ಯಾಂಪಲ್ ತಣ್ಣಗೆ ಮಾಡಿ, ಇಲ್ಲಿಯ ಬಿಸಿಗೆ ಅದು ಇಲ್ಲದ ಶುದ್ಧತೆ ತೋರಿಸುತ್ತದೆ. ಬಳಸಿದ ಅಸಿಟೋನ್ ಮುಂದಿನ ಬ್ಯಾಚಿನ ಮೊದಲ ಸ್ನಾನಕ್ಕೆ ಆಗುತ್ತದೆ, ಅಲ್ಲೇ ಅರ್ಧ ದುಡ್ಡು ಉಳಿಯಿತು. ಮೊದಲ ವರ್ಷದ ಒಟ್ಟು ಖರ್ಚು ಲಕ್ಷದ ಒಳಗೇ ಇತ್ತು.

ಸಿಲಿಕೋನ್ ನಾನು ವಿದೇಶದಿಂದ ತರಿಸುವುದಿಲ್ಲ. ಅಚ್ಚು ತಯಾರಿಸುವವರಿಗೆ ಮಾರುವ ಸರಕಿನಲ್ಲಿ ಎರಡು ಗ್ರೇಡ್ ಬೆರೆಸುತ್ತೇನೆ. ಆ ಅಳತೆ ಮತ್ತು ಕ್ಯಾಟಲಿಸ್ಟನ್ನು ಯಾವಾಗ, ಎಷ್ಟು ಸವರಬೇಕು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಜೊತೆಗೆ ನಿಂತು ಮಾಡುವವರಿಗೆ ತೋರಿಸುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು. ಮಟನ್ ಅಂಗಡಿಯಿಂದ ಕುರಿಯ ಶ್ವಾಸಕೋಶ ತಂದು, ತೊಳೆದು, ಟ್ರೇಕಿಯಾದಿಂದ (ಶ್ವಾಸನಾಳದಿಂದ) ಬಾತ್‌ರೂಮ್ ಸೀಲೆಂಟನ್ನು ಗನ್ನಿನಲ್ಲಿ ತುಂಬಿದೆವು. ಗಟ್ಟಿಯಾದ ಮೇಲೆ ಕಾಸ್ಟಿಕ್ ಸೋಡಾದಲ್ಲಿ ಮಾಂಸ ಕರಗಿಸಿದರೆ ಬ್ರಾಂಕಿಯಲ್ ಟ್ರೀ, ಅಂದರೆ ಶ್ವಾಸಕೋಶದೊಳಗಿನ ಗಾಳಿಕೊಳವೆಗಳ ಕವಲುಗಳು, ಪೂರ್ತಿ ಎದ್ದು ಬರುತ್ತದೆ. ಒಂದಕ್ಕೆ ಐನೂರು ರೂಪಾಯಿಯೂ ಆಗಲಿಲ್ಲ. ಕುರಿಯಲ್ಲಿ ಬಲಗಡೆಯ ಮೇಲಿನ ಲೋಬಿನ ಬ್ರಾಂಕಸ್ ನೇರ ಟ್ರೇಕಿಯಾದಿಂದಲೇ ಹೊರಡುತ್ತದೆ, ಅಲ್ವಾ? ಮಕ್ಕಳಿಗೆ ಅದನ್ನು ಮನುಷ್ಯರದ್ದರ ಪಕ್ಕ ಇಟ್ಟು ತೋರಿಸಿದೆ. ಹಿಂದಿನ ಬೆಂಚಿನವರೂ ಎದ್ದು ಬಂದರು.

ಈಗ ನರ್ಸಿಂಗ್ ಮತ್ತು ಫಿಸಿಯೋಥೆರಪಿ ಮಕ್ಕಳೂ ಗ್ಲೌಸ್ ಇಲ್ಲದೆ, ಕಣ್ಣು ಉರಿಸಿಕೊಳ್ಳದೆ, ಕೈಯಲ್ಲಿ ಹಿಡಿದು ವಾಲ್ವ್ ಎಣಿಸುತ್ತಾರೆ. ಮುಂದಿನದು ಅರ್ಧ ಕತ್ತರಿಸಿದ ಪೆಲ್ವಿಸ್. ಅದು ಕುಕ್ಕರಿನಲ್ಲಿ ಹಿಡಿಯುವುದಿಲ್ಲ. ಸ್ಟೀಲ್ ಚೇಂಬರ್‌ಗೆ ಫ್ಯಾಬ್ರಿಕೇಶನ್‌ನವರು ನಲವತ್ತು ಸಾವಿರ ಹೇಳಿದ್ದಾರೆ. ಈ ಸಲ ಮ್ಯಾನೇಜ್‌ಮೆಂಟ್ ಇಂಡೆಂಟಿಗೆ (ಖರೀದಿ ಬೇಡಿಕೆಗೆ) ಕೂಡಲೇ ಸಹಿ ಹಾಕಿದೆ.